ಸ್ಟೆಪ್ನಿ ಸೀಟು

ತಿರುವು ಬಂದಾಗ ಎಡಕ್ಕೋ ಬಲಕ್ಕೋ ಎಂದು ತೀರ್ಮಾನ ಮಾಡಲಾಗದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ನನ್ನ ಸ್ವಭಾವವಲ್ಲ, ಕಸುಬು. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ತಲೆಗೂದಲು ಕಪ್ಪಗಿದ್ದ ಕಾಲದಿಂದ ಕಂಡವರ ಕೈಗೆ ಸ್ಟಿಯರಿಂಗ್ ಕೊಟ್ಟು, ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವನು. (ನನ್ನ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಅವಿಲ್ಲದಿದ್ದರೆ ಈ ಕಥೆಯನ್ನು ನಿಮಗೆ ನನ್ನ ಹೆಂಡತಿ ಹೇಳಬೇಕಾಗುತ್ತಿತ್ತು, ಅವಳು ಹೇಳಿದ್ದರೆ ಇದರಲ್ಲಿ ನನ್ನ ಪರವಾಗಿ ಒಂದು ಸಾಲೂ ಇರುತ್ತಿರಲಿಲ್ಲ.) ಇಂಥವನ ಮನೆಯಲ್ಲಿ, ಎರಡೂ ಕಡೆಯ ಇಂಡಿಕೇಟರ್ ಹಾಕಿಕೊಂಡು ನಾಲ್ಕು ರಸ್ತೆ ಕೂಡುವಲ್ಲಿ ನಟ್ಟನಡುವೆ ನಿಲ್ಲುವ ಮಗಳು ಹುಟ್ಟಿದಳು.

ಮಗಳು ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದಿದ್ದಳು. ಫಲಿತಾಂಶ ಬಂತು. ಸೀಟು ಸಿಕ್ಕಿತು ಎನ್ನುವ ಹಾಗೂ ಇಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ, ವೇಟಿಂಗ್ ಲಿಸ್ಟು. ವೇಟಿಂಗ್ ಲಿಸ್ಟ್ ಎಂದರೆ 'ಬರಬೇಡ' ಎಂದು ಮುಖಕ್ಕೆ ಹೇಳಲು ದಾಕ್ಷಿಣ್ಯಪಡುವವರು ಕಂಡುಹಿಡಿದ ಉಪಾಯ. ನಾನಾದರೋ ಫಲಿತಾಂಶಕ್ಕೆ ಮುಂಚೆಯೇ, ಕೆಂಪು ದೀಪ ಬಿದ್ದಾಗಲೆಲ್ಲ, ಪಕ್ಕದಲ್ಲಿ ಬೆವರುತ್ತ ಕೂತ ಶಿಷ್ಯರಿಗೆ "ನಮ್ಮ ಹುಡುಗಿ ಡಾಕ್ಟರ್ ಆಗ್ತಾಳೆ" ಎಂದು ಹೇಳಿಬಿಟ್ಟಿದ್ದೆ. ನಮ್ಮ ಊರಿನಲ್ಲಿ ಕೆಂಪು ದೀಪಗಳು ಬಹಳ. ಸುದ್ದಿ ಚೆನ್ನಾಗಿ ಹರಡಿತ್ತು.

ಆಗಲೇ ನನ್ನ ತಲೆಯಲ್ಲಿ ಒಂದು ಮಹತ್ತರವಾದ ಆಲೋಚನೆ ಮಿಂಚಿತು. (ನನ್ನ ತಲೆಯಲ್ಲಿ ಏನಾದರೂ ಮಿಂಚಿದರೆ ಮನೆಯವರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅನುಭವ ಅವರಿಗೆ ಕಲಿಸಿದ ಪಾಠ.) ಹೆಂಡತಿ ನಡುಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಯಾರದೋ ಶಾಲಾ ಸಮವಸ್ತ್ರಕ್ಕೆ ಕಾಲರ್ ಕೂರಿಸುತ್ತಿದ್ದಳು. ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಸಂಸಾರದ ಮುಖ್ಯ ವಿಷಯಗಳನ್ನು ನಾನು ಮಾತಾಡುವುದು ಇಂಥ ಸಮಯದಲ್ಲೇ.

"ಫಾರ್ಮಸಿಗೂ ಒಂದು ಅರ್ಜಿ ಹಾಕಿಬಿಡೋಣ. ಗಾಡಿ ಅಂದ್ಮೇಲೆ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಇರ್ಬೇಕು. ಮೆಡಿಕಲ್ ಚಕ್ರ ಪಂಕ್ಚರ್ ಆಯ್ತು ಅಂತಿಟ್ಕೋ, ಫಾರ್ಮಸಿ ಹಾಕ್ಕೊಂಡು ಮನೆ ಸೇರಬಹುದು" ಎಂದೆ.

ಅವಳು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ನನಗೆ ಚುಚ್ಚಿದ ಹಾಗೇ ಇತ್ತು.

"ಮಗಳ ಓದು ನಿಮಗೆ ಟೈರ್ ಥರ ಕಾಣುತ್ತಾ? ಅವಳನ್ನ ಕೇಳಿದ್ರಾ?"

"ಕೇಳೋದೇನು, ನೀನೇ ಕರಿ."

ಮಗಳು ಬಂದಳು. ಕೇಳಿದಳು. "ಹಾಕೋಣ ಅಪ್ಪ. ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ. ಆದ್ರೆ ಮೆಡಿಕಲ್ಲೂ ಯೋಚನೆ ಮಾಡ್ತಿದೀನಿ" ಎಂದಳು.

"ಸರಿ, ಎರಡರಲ್ಲಿ ನಿನಗೆ ಯಾವುದು ಇಷ್ಟ?"

"ಅದನ್ನೇ ಯೋಚನೆ ಮಾಡ್ತಿದೀನಿ."

ಈ ಮಾತನ್ನು ಅವಳು ಎಷ್ಟು ನೆಮ್ಮದಿಯಿಂದ ಹೇಳುತ್ತಾಳೆಂದರೆ, ಅವಳ ಹಿಂದೆ ಹಾರನ್ ಹೊಡೆಯುತ್ತ ನಿಂತ ಇಡೀ ಪ್ರಪಂಚ ಅವಳಿಗೆ ಕೇಳಿಸುವುದೇ ಇಲ್ಲ.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಆಲಿಸುತ್ತಿದ್ದ ನನ್ನ ಅಮ್ಮ ಆಗ ಬಾಯಿ ಹಾಕಿದಳು. "ಅಲ್ವೋ, ಡಾಕ್ಟರ್ ಓದೋದಕ್ಕೂ ಮೆಡಿಕಲ್ ಅಂತೀರಿ. ಮೂಲೇಲಿ ಮಾತ್ರೆ ಮಾರೋ ಅಂಗಡೀಗೂ ಮೆಡಿಕಲ್ ಅಂತೀರಿ. ಫಾರ್ಮಸಿ ಓದಿದ್ರೂ ಮಗು ಮೆಡಿಕಲ್‌ಗೇ ತಾನೇ ಹೋಗೋದು? ಎಲ್ರಿಗೂ ಹಾಗೇ ಹೇಳು. ಸುಳ್ಳೂ ಆಗಲ್ಲ."

ಇಂಥ ತೀಕ್ಷ್ಣಮತಿ ನನ್ನ ತಾಯಿಯಿಂದ ನನಗೆ ಬರದೆ ಎಲ್ಲೋ ಸೋರಿಹೋಯಿತು ಎಂದು ಹೆಂಡತಿ ಆಗಾಗ ಮರುಗುತ್ತಾಳೆ.

ಅರ್ಜಿ ಹಾಕಿದೆವು. ಫಾರ್ಮಸಿ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಹುಡುಗಿಯ ಜೊತೆ ತಂದೆಯೋ ತಾಯಿಯೋ ಬರಬೇಕಂತೆ, ಅವರನ್ನೂ ಮಾತಾಡಿಸುತ್ತಾರಂತೆ. ನನಗೆ ಗಾಬರಿಯಾಯಿತು. ನನ್ನ ಬಗ್ಗೆ ಅಲ್ಲ, ಮಗಳ ಬಗ್ಗೆ. 'ಮೆಡಿಕಲ್‌ಗೂ ಹಾಕಿದೀಯಾ?' ಎಂದು ಅವರು ಕೇಳದೆ ಬಿಡುವುದಿಲ್ಲ. ಇವಳು ನಿಜ ಹೇಳದೆ ಬಿಡುವುದಿಲ್ಲ. ನಡುವೆ ಬಿಟ್ಟು ಹೋಗುವ ಮನಸ್ಸಿನ ಹುಡುಗಿಗೆ ಯಾರು ತಾನೇ ಸೀಟು ಕೊಟ್ಟಾರು?

ಆದ್ದರಿಂದ ಮನೆಯಲ್ಲೇ ಒಂದು ಅಣಕು ಸಂದರ್ಶನ ಏರ್ಪಡಿಸಿದೆ. ಹೆಂಡತಿ ಬಟ್ಟೆ ಕತ್ತರಿಸುವ ಮೇಜೇ ಸಂದರ್ಶನ ಮಂಡಳಿಯ ಮೇಜು. ಅಮ್ಮ ಅಧ್ಯಕ್ಷಿಣಿ. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡಿದ್ದ ಹೆಂಡತಿ ಸದಸ್ಯೆ. ನಾನು ಸದಸ್ಯ, ಕಾರ್ಯದರ್ಶಿ, ಸೂತ್ರಧಾರ. ಮಗಳು ಎದುರಿಗೆ ಸ್ಟೂಲಿನ ಮೇಲೆ ಕೂತಳು.

"ಫಾರ್ಮಸಿ ಯಾಕೆ ಓದಬೇಕು ಅಂತಿದೀಯ?" ಎಂದು ಗಂಭೀರವಾಗಿ ಕೇಳಿ, ಉತ್ತರವನ್ನೂ ನಾನೇ ಹೇಳಿಕೊಟ್ಟೆ. "ಬಾಲ್ಯದಿಂದಲೂ ನನ್ನ ಹೃದಯ ಔಷಧ ವಿಜ್ಞಾನಕ್ಕಾಗಿ ಮಿಡಿಯುತ್ತಿದೆ ಅನ್ನು."

"ಬಾಲ್ಯದಲ್ಲಿ ಔಷಧಿ ಕುಡಿಸೋಕೆ ಮೂರು ಜನ ಇವಳನ್ನ ಅದುಮಿ ಹಿಡ್ಕೋಬೇಕಿತ್ತು" ಎಂದಳು ಸದಸ್ಯೆ.

"ಸದಸ್ಯರು ಮಧ್ಯೆ ಮಾತಾಡಬಾರದು. ಮುಂದಿನ ಪ್ರಶ್ನೆ. ಮೆಡಿಕಲ್‌ಗೂ ಪ್ರಯತ್ನ ಮಾಡ್ತಿದೀಯಾ?"

"ಹೌದು. ಇನ್ನೂ ಯೋಚನೆ ಮಾಡ್ತಿದೀನಿ."

"ಅಯ್ಯೋ, ಬಾಯಿ ಮುಚ್ಕೊಂಡು 'ಇಲ್ಲ' ಅನ್ನು."

"ಬಾಯಿ ಮುಚ್ಕೊಂಡು ಇಲ್ಲ ಅನ್ನೋದು ಹೇಗ್ರೀ?" ಇದು ಪುನಃ ಸದಸ್ಯೆ.

ಅಷ್ಟರಲ್ಲಿ ಅಧ್ಯಕ್ಷಿಣಿಗೆ ತಮ್ಮ ಸ್ಥಾನದ ನೆನಪಾಯಿತು. "ಮಗು, ನನ್ನ ಮಂಡಿ ನೋವಿಗೆ ಏನು ಕೊಡ್ತೀಯ, ಹೇಳು ನೋಡೋಣ."

"ಅಜ್ಜಿ, ಮೊದಲು ಈಗ ನೀನು ಏನೇನು ತಗೋತಿದೀಯ ತೋರಿಸು."

ಅಮ್ಮ ತನ್ನ ಬಿಸ್ಕತ್ತಿನ ಡಬ್ಬಿ ತರಿಸಿದಳು. ಅದರಲ್ಲಿ ಬಿಸ್ಕತ್ತೊಂದನ್ನು ಬಿಟ್ಟು ಎಲ್ಲ ಬಣ್ಣದ, ಎಲ್ಲ ಆಕಾರದ ಮಾತ್ರೆಗಳೂ ಇದ್ದವು. ಮೇಜಿನ ಮೇಲೆ ಸುರಿದರು. ಮಗಳು ಒಂದೊಂದನ್ನೇ ಎತ್ತಿ ಕೇಳತೊಡಗಿದಳು: ಇದು ಯಾರು ಕೊಟ್ಟಿದ್ದು, ಇದು ಯಾವಾಗಿಂದು, ಇದೂ ಅದೂ ಎರಡೂ ಒಂದೇ ಅಲ್ವಾ, ಹೆಸರು ಮಾತ್ರ ಬೇರೆ, ಎರಡನ್ನೂ ನುಂಗ್ತಿದೀಯಾ. ಅಜ್ಜಿ ಮೊಮ್ಮಗಳು ತಲೆಗೆ ತಲೆ ತಾಗಿಸಿ ಕೂತರು. ಹೆಂಡತಿಯೂ ಕನ್ನಡಕ ಹಾಕಿಕೊಂಡು ಬಗ್ಗಿದಳು. ನಾನು "ಕೊನೆಯ ಪ್ರಶ್ನೆ, ನಿಮ್ಮ ಮುಂದಿನ ಗುರಿ" ಎಂದೆ. "ಸ್ವಲ್ಪ ಸುಮ್ನಿರ್ರೀ" ಎಂದಳು ಹೆಂಡತಿ. "ದೀಪಕ್ಕೆ ಅಡ್ಡ ನಿಂತಿದೀಯ, ಸರಿ ಆಚೆ" ಎಂದಳು ಅಧ್ಯಕ್ಷಿಣಿ. ಸಂದರ್ಶನ ಹೀಗೆ ಮುಕ್ತಾಯವಾಯಿತು. ಅಭ್ಯರ್ಥಿಯನ್ನು ಬಿಟ್ಟು ಕಾರ್ಯದರ್ಶಿಯನ್ನು ಹೊರಹಾಕಿದ ಸಂದರ್ಶನ ಪ್ರಪಂಚದಲ್ಲಿ ಬೇರೊಂದಿರಲಾರದು.

ಆ ದಿನ ಬಂತು. ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ನನ್ನ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಹೇಳಿದೆ. "ಒಂದೇ ಮಾತು ನೆನಪಿಟ್ಕೋ. ಮೆಡಿಕಲ್ ಅನ್ನೋ ಶಬ್ದವೇ ನಿನ್ನ ಬಾಯಲ್ಲಿ ಬರಬಾರದು."

"ಅವರೇ ಕೇಳಿದ್ರೆ?"

"ಕೆಮ್ಮು."

ಕಾಲೇಜಿನ ಪಡಸಾಲೆಯಲ್ಲಿ ಸ್ಪಿರಿಟ್ಟಿನ ವಾಸನೆ. ಗೋಡೆಗೆ ಒರಗಿಸಿದ ಬೆಂಚು. ಮಗಳನ್ನು ಒಳಗೆ ಕರೆದರು. ಬಾಗಿಲ ಮೇಲುಭಾಗಕ್ಕೆ ಗಾಜಿತ್ತು. ಸಭ್ಯಸ್ಥನಾದ ನಾನು ಇಣುಕಲಿಲ್ಲ. ನೀರು ಕುಡಿಯಲು ಆ ಬಾಗಿಲ ಮುಂದೆ ಪದೇ ಪದೇ ಹಾದು ಹೋದೆ, ಅಷ್ಟೇ.

ಒಳಗೆ ಮೂವರಿದ್ದರು. ನಡುವೆ ಪ್ರಿನ್ಸಿಪಾಲರು, ಬೆಳ್ಳಿ ಕೂದಲಿನ ಹೆಂಗಸು. ಒಂದು ಬದಿಗೆ ದಪ್ಪ ಮೀಸೆಯ ಪ್ರೊಫೆಸರು. ಇನ್ನೊಂದು ಬದಿಗೆ ಎಳೆ ವಯಸ್ಸಿನ ಲೆಕ್ಚರರು. ಮೊದಲ ಸಲ ಹಾದಾಗ ಮೂವರೂ ಗಂಭೀರವಾಗಿದ್ದರು. ಎರಡನೇ ಸಲ ಮುಂದಕ್ಕೆ ಬಗ್ಗಿ ಕೇಳುತ್ತಿದ್ದರು. ಆಮೇಲೊಮ್ಮೆ ನೋಡುತ್ತೇನೆ, ಮೀಸೆಯ ಪ್ರೊಫೆಸರು ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಅಳುವೋ ನಗುವೋ ತಿಳಿಯಲಿಲ್ಲ. ಹೊಟ್ಟೆ ಅಲುಗುತ್ತಿತ್ತು, ಆದ್ದರಿಂದ ನಗುವೇ. ಸಂದರ್ಶನದಲ್ಲಿ ನಗಿಸಿದವರಿಗೆ ಯಾರಾದರೂ ಸೀಟು ಕೊಟ್ಟದ್ದು ನಾನು ಕೇಳಿಲ್ಲ.

ಮಗಳು ಹೊರಗೆ ಬಂದಳು. "ಕೆಮ್ಮಿದೆಯಾ?" ಎಂದು ಪಿಸುಗುಟ್ಟಿದೆ. ಅವಳು ಬಾಯಿ ತೆರೆಯುವಷ್ಟರಲ್ಲಿ "ತಂದೆಯವರು ಬನ್ನಿ" ಎಂದು ಒಳಗಿನಿಂದ ಕರೆ ಬಂತು.

ನಾನು ಹೋಗಿ ಕೂತೆ. ಮೂವರೂ ನನ್ನನ್ನು, ಬಹಳ ದಿನದಿಂದ ಕೇಳಿದ್ದ ಸ್ಥಳವೊಂದನ್ನು ಕೊನೆಗೂ ನೋಡುವ ಪ್ರವಾಸಿಗರ ಹಾಗೆ ನೋಡಿದರು. ಕೆಟ್ಟದ್ದನ್ನು ಸರಿಪಡಿಸುವ ಭಾರ ನನ್ನ ಮೇಲಿದೆ ಎಂದು ಅರ್ಥವಾಯಿತು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

"ಮೇಡಂ, ನಮ್ಮ ಮನೆತನಕ್ಕೆ ಫಾರ್ಮಸಿ ಅಂದ್ರೆ ಪ್ರಾಣ. ಮಗಳಿಗಂತೂ ಬೇರೆ ಯೋಚನೆಯೇ ಇಲ್ಲ. ಮೆಡಿಕಲ್ ಕಡೆ ಅವಳು ತಿರುಗಿ ಕೂಡ ನೋಡಿಲ್ಲ."

"ಹಾಗಾ? ನಮ್ಮ ಕಾಲೇಜು ನಿಮ್ಮ ಗಾಡಿಗೆ ಸ್ಟೆಪ್ನಿ ಅಂತ ಕೇಳಿದ್ವಲ್ಲ" ಎಂದರು ಪ್ರಿನ್ಸಿಪಾಲರು.

ಕುರ್ಚಿ ನನ್ನ ಸಮೇತ ನೆಲದೊಳಕ್ಕೆ ಇಳಿದರೆ ಒಳ್ಳೆಯದಿತ್ತು. ಇಳಿಯಲಿಲ್ಲ. "ಸ್ಟೆಪ್ನಿ ಅಂದ್ರೆ ಕೀಳು ಅಂತ ಅಲ್ಲ ಮೇಡಂ. ಅನುಭವ ಇರೋ ಯಾವ ಡ್ರೈವರನ್ನಾದ್ರೂ ಕೇಳಿ" ಎಂದು ತೊದಲಿದೆ.

"ಇರ್ಲಿ ಬಿಡಿ. ನಿಮಗೆ ಬಿ.ಪಿ. ಇದೆ ಅಲ್ವಾ? ಭಾನುವಾರ ಮಾತ್ರೆ ತಗೊಳ್ಳಲ್ವಂತೆ?"

ನಾನು ಸಂದರ್ಶನಕ್ಕೆ ಬಂದಿದ್ದೇನೋ ತಪಾಸಣೆಗೆ ಬಂದಿದ್ದೇನೋ ತಿಳಿಯದಾಯಿತು. ಆದರೂ ವಿಷಯ ನನ್ನ ಕಸುಬಿನ ವ್ಯಾಪ್ತಿಗೆ ಬಂದದ್ದರಿಂದ ಧೈರ್ಯ ಮರಳಿತು. "ವಾರಕ್ಕೊಂದು ದಿನ ಎಂಜಿನ್‌ಗೂ ವಿಶ್ರಾಂತಿ ಬೇಕು ನೋಡಿ. ಸದಾ ಮಾತ್ರೆ ತಿಂದ್ರೆ ದೇಹ ಸೋಮಾರಿ ಆಗುತ್ತೆ."

"ಮಾತ್ರೆ ದೊಡ್ಡದಾಗಿದ್ರೆ ಅರ್ಧ ಮಾಡಿ ತಗೋತೀರಂತೆ" ಎಂದರು ಪ್ರೊಫೆಸರು, ಆಸೆಗಣ್ಣಿನಿಂದ.

"ದೊಡ್ಡ ಮಾತ್ರೆ ದೊಡ್ಡ ಮೈಗೆ ಸಾರ್. ನನ್ನದು ಸಣ್ಣ ಮೈ."

"ಜ್ವರಕ್ಕೆ ಕೊಟ್ಟ ಮಾತ್ರೆ ಜ್ವರ ಬಿಟ್ಟ ತಕ್ಷಣ ನಿಲ್ಲಿಸಿ, ಉಳಿದಿದ್ದನ್ನ ಕಾರು ಕಲಿಯೋಕೆ ಬಂದವರಿಗೆ ಹಂಚ್ತೀರಂತೆ" ಎಂದರು ಲೆಕ್ಚರರು.

"ಹಂಚೋದು ಅಂದ್ರೆ, ಪಾಪ, ಕೇಳಿದವರಿಗೆ ಮಾತ್ರ."

ಪ್ರೊಫೆಸರು ಮತ್ತೆ ಕರವಸ್ತ್ರ ತೆಗೆದರು. ಪ್ರಿನ್ಸಿಪಾಲರು ನಗಲಿಲ್ಲ. ನನ್ನನ್ನೇ ನೋಡುತ್ತ ನಿಧಾನವಾಗಿ ಕೇಳಿದರು: "ನಿಮ್ಮ ಕಾರಿನ ಬ್ರೇಕಿಗೂ ಭಾನುವಾರ ರಜಾ ಕೊಡ್ತೀರಾ?"

ನನ್ನ ಕಾಲು ಮೇಜಿನ ಕೆಳಗೆ ಇಲ್ಲದ ಬ್ರೇಕನ್ನು ಹುಡುಕಿತು.

ಹಿಂದಿರುಗುವಾಗ ಮಗಳ ಮೇಲೆ ರೇಗಿದೆ. ಮನೆಯ ಮರ್ಯಾದೆ, ಹೆತ್ತವರ ಗೌರವ, ಕೆಮ್ಮಿನ ಮಹತ್ವ, ಎಲ್ಲದರ ಮೇಲೂ ಉಪನ್ಯಾಸ ಮಾಡಿದೆ. ಕೆಂಪು ದೀಪಕ್ಕೆ ಕಾರು ನಿಂತಾಗ ಅವಳು ಹೇಳಿದಳು:

"ಫಾರ್ಮಸಿ ಯಾಕೆ ಅಂತ ಕೇಳಿದ್ರು ಅಪ್ಪ. ನೀವು ಹೇಳಿಕೊಟ್ಟಿದ್ದು ಬಾಯಿಗೆ ಬರ್ಲಿಲ್ಲ. ಕಾಯಿಲೆ ಏನು ಅಂತ ಕಂಡುಹಿಡಿಯೋದು ನನಗಿಷ್ಟ, ಅದಕ್ಕೆ ಮೆಡಿಕಲ್ ಆಸೆ ಅಂದೆ. ಆದ್ರೆ ನಮ್ಮನೇಲಿ ಕಾಯಿಲೆ ಕಂಡುಹಿಡಿದ ಮೇಲೇ ನಿಜವಾದ ಕಷ್ಟ ಶುರುವಾಗೋದು ಅಂತ ನಿಮ್ಮ ವಿಷಯ ಹೇಳ್ದೆ. ಡಾಕ್ಟರ್ ಬರೆದುಕೊಟ್ಟು ಕಳಿಸ್ತಾರೆ. ಆಮೇಲೆ ಕೂರಿಸಿಕೊಂಡು ಹೇಳೋರು ಒಬ್ಬರು ಬೇಕಲ್ಲ."

"ನನ್ನ ವಿಷಯ ಬಿಟ್ರೆ ಬೇರೆ ಏನೂ ಸಿಗಲಿಲ್ವಾ?"

"ನೀವು ದಿನವೆಲ್ಲ ರೋಡಲ್ಲಿರ್ತೀರ. ಪಕ್ಕದಲ್ಲಿ ಕೂತೋರಿಗೆ ಗಾಡಿ ಓಡಿಸೋಕೆ ಬರಲ್ಲ. ನಿಮಗೆ ತಲೆ ಸುತ್ತಿ ಬಂದ್ರೆ ಬ್ರೇಕ್ ಒತ್ತೋರು ಯಾರು ಅಂತ ನನಗೆ ಭಯ ಆಗುತ್ತೆ. ಅದನ್ನೂ ಹೇಳ್ದೆ."

ಹಸಿರು ದೀಪ ಬಿತ್ತು. ನಾನು ಕ್ಲಚ್ಚು ಬಿಟ್ಟ ರೀತಿಗೆ ಎಂಜಿನ್ ಕೆಮ್ಮಿ ನಿಂತೇ ಹೋಯಿತು. ಹಿಂದಿನವರು ಹಾರನ್ ಹೊಡೆದು, ಪಕ್ಕಕ್ಕೆ ಬಂದು, ತಲೆಯ ಮೇಲಿನ ಬೋರ್ಡು ನೋಡಿ, ಕಲಿಯುತ್ತಿರುವವನು ಪಾಪ ಎಂದು ಕ್ಷಮಿಸಿ ಹೋದರು.

ಕೆಲವು ದಿನಕ್ಕೆ ಪ್ರಿನ್ಸಿಪಾಲರೇ ಫೋನ್ ಮಾಡಿದರು. ಮಗಳಿಗೆ ಸೀಟು ಕೊಟ್ಟಿದ್ದೇವೆ, ಯೋಚನೆ ಮಾಡಲಿ, ಅವಸರವಿಲ್ಲ ಎಂದರು. ಆಮೇಲೆ "ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು" ಎಂದರು. ಅವರ ಕಾಲೇಜಿನ ಹುಡುಗರು ರೋಗಿಗಳ ಜೊತೆ ಮಾತಾಡಿ ಔಷಧಿ ವಿವರಿಸುವುದನ್ನು ಅಭ್ಯಾಸ ಮಾಡಬೇಕಂತೆ. ಅದಕ್ಕೆ ರೋಗಿಯ ಹಾಗೆ ನಟಿಸಲು ಯಾರನ್ನೋ ಕರೆಸಿದರೆ ಎಲ್ಲರೂ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಎದ್ದು ಹೋಗುತ್ತಾರಂತೆ. "ನಮಗೆ ಬೇಕಿರೋದು ವಾದ ಮಾಡೋರು. ಬುಧವಾರ ಬುಧವಾರ ಬರೋಕಾಗುತ್ತಾ?"

ವಿಷಯ ಕೇಳಿ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಳು. "ಅಂತೂ ನಿಮ್ಮ ಪ್ರತಿಭೇನ ಗುರುತಿಸೋ ಜನ ಸಿಕ್ರಲ್ಲ. ನಾನು ಇಷ್ಟು ವರ್ಷ ಪುಕ್ಕಟೆ ನೋಡ್ತಿದ್ದೆ."

ಮಗಳ ಸೀಟಿನ ದಾಕ್ಷಿಣ್ಯಕ್ಕೆ ಮೊದಲ ಬುಧವಾರ ಹೋದೆ. ಎರಡನೆಯ ಬುಧವಾರ ಬೇಸರದಿಂದ ಹೋದೆ. ಆಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗತೊಡಗಿದೆ. ನಾನು ಅಂಥಿಂಥ ರೋಗಿಯಲ್ಲ. ಕೊನೆಯ ವರ್ಷದ ಹುಡುಗರು ನನ್ನ ಸರದಿ ಬಂದರೆ ಬೆವರುತ್ತಾರೆ. ಒಬ್ಬ ಹುಡುಗಿ ನನಗೆ ಮಾತ್ರೆಯನ್ನು ಯಾಕೆ ಅರ್ಧ ಮಾಡಬಾರದು ಎಂದು ವಿವರಿಸುತ್ತ ವಿವರಿಸುತ್ತ ಅತ್ತೇ ಬಿಟ್ಟಳು. ಅವಳ ಮರ್ಯಾದೆಗೆಂದು ಅಂದಿನಿಂದ ಇಡೀ ಮಾತ್ರೆ ನುಂಗುತ್ತಿದ್ದೇನೆ. ಭಾನುವಾರವೂ ನುಂಗುತ್ತೇನೆ, ಯಾಕೆಂದರೆ ಬುಧವಾರ ಕೇಳುತ್ತಾರೆ. ಕಾಲೇಜಿನ ಕ್ಯಾಂಟೀನಿನವನು ನನ್ನನ್ನು 'ಸಾರ್' ಎನ್ನುತ್ತಾನೆ. ಕೆಂಪು ದೀಪದ ಬಳಿ ಈಗ ನಾನು ಶಿಷ್ಯರಿಗೆ ಹೇಳುವುದೇ ಬೇರೆ: "ಡಾಕ್ಟರ್ ಬರೀತಾರೆ ಅಷ್ಟೆ. ನಿಜವಾದ ಕೆಲಸ ಫಾರ್ಮಸಿಯವರದು."

ಹೀಗೆ ನಾನು ಫಾರ್ಮಸಿಯ ಪರಮಭಕ್ತನಾಗಿ, ಮಗಳ ಜೊತೆ ಬುಧವಾರ ಬುಧವಾರ ಒಂದೇ ಕಾರಿನಲ್ಲಿ ಕಾಲೇಜಿಗೆ ಹೋಗುವ ಕನಸು ಕಾಣುತ್ತಿರುವಾಗ ಮೆಡಿಕಲ್ ವೇಟಿಂಗ್ ಲಿಸ್ಟು ಜರುಗಿತು. ಜರುಗಿ ಜರುಗಿ ನಮ್ಮ ಹುಡುಗಿಯವರೆಗೂ ಬಂತು.

ಮಗಳು ಕತ್ತರಿಸುವ ಮೇಜಿಗೆ ಒರಗಿ ನಿಂತು ಸುದ್ದಿ ಹೇಳಿದಳು. ಅಮ್ಮ ಕುರ್ಚಿಯಿಂದ ಎದ್ದು ಅವಳ ಕೆನ್ನೆ ಸವರಿದಳು. ಹೆಂಡತಿ ಕಣ್ಣೊರೆಸಿಕೊಂಡಳು. ಮೂವರೂ ನನ್ನ ಕಡೆ ತಿರುಗಿದರು.

"ಬೇಡ. ಫಾರ್ಮಸಿಗೇ ಸೇರು" ಎಂದೆ.

"ಏನಂದ್ರಿ?" ಹೆಂಡತಿಯ ಕೈಯಲ್ಲಿ ಕತ್ತರಿ ಇತ್ತು.

"ಫಾರ್ಮಸಿ ಏನು ಕಡಿಮೆ? ಅಲ್ಲಿ ಒಳ್ಳೆ ಜನ ಇದಾರೆ. ಶಿಸ್ತಿದೆ. ಪ್ರಿನ್ಸಿಪಾಲರು ನನಗೆ ಪರಿಚಯ."

"ಸ್ಟೆಪ್ನಿ ಅಂದಿದ್ದು ಯಾರು?"

"ಗಾಡಿ ಈಗ ಅದರ ಮೇಲೇ ಓಡ್ತಿದೆ ಕಣೇ."

"ಇವನಿಗೆ ಯಾರಾದ್ರೂ ಮಾತ್ರೆ ಜಾಸ್ತಿ ಕೊಟ್ಟಿದಾರಾ ನೋಡ್ರೇ" ಎಂದಳು ಅಮ್ಮ.

ಮಗಳು ಮಾತ್ರ ವಾದಕ್ಕಿಳಿಯಲಿಲ್ಲ. "ಯೋಚನೆ ಮಾಡ್ತೀನಿ" ಎಂದಳು. ನಾನು ಹಲ್ಲು ಕಡಿದೆ. ಆದರೆ ಈ ಸಲ ಯೋಚನೆ ಬೇಗ ಮುಗಿಯಿತು. ಮಾರನೆಯ ಬೆಳಿಗ್ಗೆ ನಾನು ಕಾರಿನ ಗಾಜು ಒರೆಸುತ್ತಿದ್ದಾಗ ಅವಳು ಹೊರಗೆ ಬಂದು ಇನ್ನೊಂದು ಬಟ್ಟೆ ತೆಗೆದುಕೊಂಡು ಆ ಕಡೆಯ ಗಾಜು ಒರೆಸತೊಡಗಿದಳು.

"ಅಪ್ಪ, ಮೆಡಿಕಲ್‌ಗೇ ಹೋಗ್ತೀನಿ."

"ಮತ್ತೆ ನನ್ನನ್ನ ಕೂರಿಸಿಕೊಂಡು ಹೇಳೋರು ಬೇಕು ಅಂದಿದ್ದೆ?"

"ಅದೇ ನನ್ನನ್ನ ಕಟ್ಟಿಹಾಕಿತ್ತು. ಫಾರ್ಮಸಿ ಓದಿದ್ರೆ ನಿಮಗೆ ಒಬ್ಬಳು ಸಿಕ್ತಿದ್ದೆ. ಈಗ ನಿಮಗೆ ಒಂದು ಇಡೀ ಕ್ಲಾಸೇ ಇದೆಯಲ್ಲ. ಅವರ ಮಾತು ಕೇಳ್ತೀರ. ನನ್ನ ಮಾತು ಯಾವತ್ತು ಕೇಳಿದ್ರಿ?"

ನಾನು ಗಾಜನ್ನು ಬಹಳ ಹೊತ್ತು ಒರೆಸಿದೆ. ಅದು ಆಗಲೇ ಚೊಕ್ಕಟವಾಗಿತ್ತು. "ಒಳ್ಳೇದು, ಹೋಗು" ಎಂದೆ. ಒಳಗೆ ಹೋಗುವಾಗ ಅವಳು ನನ್ನ ಹೆಗಲನ್ನು ಒಮ್ಮೆ ಒತ್ತಿ ಹೋದಳು.

ಈಗ ಅವಳು ಬಸ್ಸಿನಲ್ಲಿ ಊರಿನ ಆ ತುದಿಗೆ, ಮೆಡಿಕಲ್ ಕಾಲೇಜಿಗೆ ಹೋಗುತ್ತಾಳೆ. ಫಾರ್ಮಸಿ ಕಾಲೇಜಿಗೆ ನಮ್ಮ ಮನೆಯಿಂದ ಹೋಗುವವನು ನಾನೊಬ್ಬನೇ. ಹೊಸ ಬ್ಯಾಚಿನ ಹುಡುಗರು ಬಂದಿದ್ದಾರೆ. ಹೋದ ಬುಧವಾರ ಒಬ್ಬಳು ಎಳಸು ಹುಡುಗಿ ನನ್ನ ಎದುರು ಕೂತಳು. "ಸಾರ್, ಈ ಮಾತ್ರೆಯನ್ನ ಊಟಕ್ಕೆ ಮುಂಚೆ ತಗೋತೀರಾ, ಆಮೇಲಾ?" ಎಂದು ಕೇಳಿದಳು.

ಬಹಳ ದಿನದಿಂದ ಕಾದಿದ್ದ ಅವಕಾಶ. ನಾನು ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ನೋಡಮ್ಮ, ನನ್ನ ಮಗಳು ಮೆಡಿಕಲ್ ಓದ್ತಿದಾಳೆ. ಮೊದಲನೇ ವರ್ಷ. ನಾಳೆ ದೊಡ್ಡ ಡಾಕ್ಟರ್ ಆಗ್ತಾಳೆ."

ಹುಡುಗಿ ತಾಳ್ಮೆಯಿಂದ ಎಲ್ಲವನ್ನೂ ಕೇಳಿದಳು. ಆಮೇಲೆ ತಲೆ ತಗ್ಗಿಸಿ ಕಾಗದದ ಮೇಲೆ ಬರೆದುಕೊಂಡಳು. ತಲೆಕೆಳಗಾಗಿ ಓದುವುದು ನನಗೆ ಚೆನ್ನಾಗಿ ಬರುತ್ತದೆ. 'ಔಷಧಿಯ ಬಗ್ಗೆ ಕೇಳಿದರೆ ರೋಗಿ ಸಂಬಂಧವಿಲ್ಲದ ಮಾತಾಡುತ್ತಾರೆ' ಎಂದಿತ್ತು.